ನೀರಿನೊಳಗೆ ಉಸಿರು: ಜಾಕ್ ಕುಸ್ಟೊ

ಎಂಟನೇ ತರಗತಿಗೆ ಒತ್ತಡದ ಪಾಠ ಮಾಡುವಾಗ ನಮ್ಮಲ್ಲಿ ಹಲವರು ಸೂತ್ರವನ್ನು ಹಲಗೆಯ ಮೇಲೆ ಬರೆದು ಮುಂದೆ ಹೋಗಿಬಿಡುತ್ತೇವೆ. ಸಕಲೇಶಪುರ, ಆಲೂರು ಕಡೆಯ ಮಕ್ಕಳಲ್ಲಿ ಅನೇಕರು ಸಮುದ್ರ ಕಂಡಿರಲಾರರು. ಆದರೆ ಹೇಮಾವತಿ ಹೊಳೆ, ತೋಟದ ಕೆರೆ, ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ಅವರಿಗೆ ಗೊತ್ತು. ಅಂಥ ತರಗತಿಯಲ್ಲಿ ಹೇಳಬಹುದಾದ ಜೀವನಕಥೆಯಿದು.

ಜಾಕ್ ಕುಸ್ಟೊ 1910ರಲ್ಲಿ ಫ್ರಾನ್ಸಿನಲ್ಲಿ ಜನಿಸಿದರು. ನೌಕಾಪಡೆ ಸೇರಿ ವಿಮಾನ ಹಾರಿಸುವ ಕನಸು ಕಂಡಿದ್ದರು. 1936ರ ಕಾರು ಅಪಘಾತದಲ್ಲಿ ಕೈಗಳು ಮುರಿದು ಆ ಕನಸು ಕಮರಿತು. ಕೈಗೆ ಬಲ ಬರಲೆಂದು ಈಜತೊಡಗಿದರು. ಈಜುಕನ್ನಡಕದಲ್ಲಿ ನೀರಿನೊಳಗಿನ ಲೋಕ ಕಂಡ ಮೇಲೆ ಅಲ್ಲಿಯೇ ಹೆಚ್ಚು ಹೊತ್ತು ಇರುವ ದಾರಿ ಹುಡುಕಿದರು. ಶುದ್ಧ ಆಮ್ಲಜನಕದ ಉಪಕರಣ ತೊಟ್ಟು ಆಳಕ್ಕಿಳಿದಾಗ ಮೈ ಸೆಟೆದು ಸಾವಿನ ದವಡೆಯಿಂದ ಪಾರಾದರು.

1942ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರರನ್ನು ಭೇಟಿಯಾದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ಒಂದು ಕವಾಟ ರೂಪಿಸಿದ್ದರು. ಅದನ್ನೇ ಉಸಿರಾಟಕ್ಕೆ ಹೊಂದಿಸಿದರು. ಡಬ್ಬಿಯೊಳಗೆ ತೆಳು ರಬ್ಬರ್ ಪೊರೆ. ಅದರ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ ಸನ್ನೆಯನ್ನು ಒತ್ತುತ್ತದೆ, ಕವಾಟ ತೆರೆದು ಸಿಲಿಂಡರಿನ ಗಾಳಿ ಬರುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಪೊರೆಯನ್ನು ನೀರೇ ಒತ್ತುವುದರಿಂದ ಗಾಳಿಯೂ ಅಷ್ಟೇ ಒತ್ತಡದಲ್ಲಿ ದೊರೆಯುತ್ತದೆ.

1943ರ ಆರಂಭದಲ್ಲಿ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ವಿಫಲವಾಯಿತು. ಅಡ್ಡಲಾಗಿ ಈಜಿದರೆ ಸರಿ. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸುರಿದುಹೋಗುತ್ತಿತ್ತು, ತಲೆಕೆಳಗಾದರೆ ಉಸಿರು ಕಟ್ಟುತ್ತಿತ್ತು. ಉಸಿರು ಹೊರಹೋಗುವ ಕಿಂಡಿ ಪೊರೆಯಿಂದ ಸುಮಾರು ಅರ್ಧ ಅಡಿ ದೂರದಲ್ಲಿದ್ದುದೇ ಕಾರಣ. ನಿಂತಾಗ ಕಿಂಡಿ ಮೇಲೆ, ಅಲ್ಲಿ ಒತ್ತಡ ಕಡಿಮೆ. ತಲೆಕೆಳಗಾದಾಗ ಅದು ತಿರುವುಮುರುವು. ಎರಡನೇ ಕೊಳವೆ ಸೇರಿಸಿ ಕಿಂಡಿಯನ್ನು ಪೊರೆಯ ಪಕ್ಕಕ್ಕೇ ತಂದಾಗ ತೊಡಕು ಬಿಡಿಸಿತು. ಹಳೆಯ ರೆಗ್ಯುಲೇಟರುಗಳಲ್ಲಿ ಎರಡು ಕೊಳವೆ ಕಾಣುವುದು ಇದಕ್ಕಾಗಿಯೇ.

ಉಪಕರಣ ಗೆದ್ದರೂ ಆಳ ಗೆಲ್ಲಲಿಲ್ಲ. 1947ರಲ್ಲಿ ಸಂಗಡಿಗ ಮೊರಿಸ್ ಫಾರ್ಗ್ ಸುಮಾರು 120 ಮೀಟರ್ ಆಳಕ್ಕಿಳಿದು ಜೀವ ತೆತ್ತರು. ಮುಂದೆ ಕುಸ್ಟೊ ಕ್ಯಾಲಿಪ್ಸೊ ಹಡಗಿನಲ್ಲಿ ಕಡಲು ಸುತ್ತಿದರು. ಅವರ ಚಿತ್ರಕ್ಕೆ 1956ರಲ್ಲಿ ಕಾನ್ ಪ್ರಶಸ್ತಿ ಬಂತು. ಆ ಚಿತ್ರದಲ್ಲೇ ತಂಡದವರು ಶಾರ್ಕ್‌ಗಳನ್ನು ಕೊಂದ ದೃಶ್ಯಗಳಿವೆ. ಅದೇ ಕುಸ್ಟೊ 1960ರಲ್ಲಿ ಮೆಡಿಟರೇನಿಯನ್ನಿಗೆ ಅಣುತ್ಯಾಜ್ಯ ಸುರಿಯುವುದನ್ನು ವಿರೋಧಿಸಿದರು. 1997ರಲ್ಲಿ ತೀರಿಕೊಂಡರು.

ಪಾಠದಲ್ಲಿ ಗಾನ್ಯಾನ್ ಹೆಸರನ್ನು ಬಿಡಬಾರದು. ಕುಸ್ಟೊ ಒಬ್ಬರೇ ಕಂಡುಹಿಡಿದರೆಂದು ಕಲಿಸಿದರೆ ತಪ್ಪಾಗುತ್ತದೆ. ಮಾರ್ನ್ ನದಿಯ ಸೋಲನ್ನು ಹೇಳಿ ಅಲ್ಲಿಯೇ ನಿಲ್ಲಿಸಿ, ಕಿಂಡಿ ಎಲ್ಲಿರಬೇಕೆಂದು ಮಕ್ಕಳನ್ನೇ ಕೇಳಿರಿ. ಕೈಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದ ಬಾಯಿ ಮೇಲಿರುವಂತೆ ಬಕೆಟ್ಟಿನ ನೀರಿನಲ್ಲಿ ಅದ್ದಿಸಿರಿ. ಚೀಲ ಕೈಗೆ ಅಂಟುವುದನ್ನು ಅವರೇ ಕಾಣುತ್ತಾರೆ. ವಾಷರ್ ಸವೆದ ಪಂಪು ಸೋರುವಂತೆ ರಬ್ಬರ್ ಗಟ್ಟಿಯಾದ ರೆಗ್ಯುಲೇಟರೂ ಕೈಕೊಡುತ್ತದೆ. ಅದಕ್ಕೇ ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆದು, ಪೊರೆ, ಸ್ಪ್ರಿಂಗುಗಳನ್ನು ಪರೀಕ್ಷಿಸುತ್ತಾರೆ. ಈ ಪ್ರಯೋಗಕ್ಕೆ ಬಕೆಟ್ಟೇ ಸಾಕು. ಹೊಳೆಗಾಗಲಿ ತೋಟದ ಕೆರೆಗಾಗಲಿ ಮಕ್ಕಳನ್ನು ಇಳಿಸಲೇಬಾರದು.