ಡಾಕ್ಟರೇಟ್ ಸಿಗದ ಮನಶ್ಶಾಸ್ತ್ರದ ಮೇಡಂ: ಮೇರಿ ಕಾಲ್ಕಿನ್ಸ್

ಗ್ರೀಕ್ ಭಾಷೆ ಕಲಿಸುತ್ತಿದ್ದ ಮೇಡಂ ಒಬ್ಬರನ್ನು ಕರೆದು, ಇನ್ನು ಮುಂದೆ ಮನಶ್ಶಾಸ್ತ್ರದ ಪಾಠ ಮಾಡಿ ಅಂದ್ರೆ ಹೇಗಿರುತ್ತೆ? ಅಮೆರಿಕದ ಮೇರಿ ವಿಟನ್ ಕಾಲ್ಕಿನ್ಸ್ ಅವರಿಗೆ ಆಗಿದ್ದು ಅದೇ. 1863ರ ಮಾರ್ಚ್ 30ರಂದು ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ ಇವರು ಪಾದ್ರಿಯೊಬ್ಬರ ಮಗಳು. 1887ರಲ್ಲಿ ವೆಲ್ಸ್ಲಿ ಮಹಿಳಾ ಕಾಲೇಜಿಗೆ ಸೇರಿದ್ದರು. ಮನಶ್ಶಾಸ್ತ್ರ ಆಗಿನ್ನೂ ಹೊಸ ವಿಷಯ. ಒಂದು ವರ್ಷ ಓದಿಕೊಂಡು ಬರಬೇಕು ಅನ್ನೋ ಷರತ್ತು ಹಾಕಿ ಕಾಲೇಜಿನವರು ಆ ಕೆಲಸ ಒಪ್ಪಿಸಿದರು.

ಓದೋದು ಎಲ್ಲಿ? ಹತ್ತಿರದ ಹಾರ್ವರ್ಡ್‌ನಲ್ಲಿ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಅಪ್ಪನೂ ಕಾಲೇಜಿನವರೂ ಅರ್ಜಿ ಹಾಕಿದ ಮೇಲೆ 1890ರಲ್ಲಿ ಕ್ಲಾಸಿಗೆ ಕೂರಲು ಒಪ್ಪಿಗೆ ಸಿಕ್ಕಿತು. ವಿದ್ಯಾರ್ಥಿನಿ ಅಂತ ಹೆಸರು ಮಾತ್ರ ದಾಖಲಾಗಲಿಲ್ಲ. ಪ್ರಸಿದ್ಧ ಪ್ರೊಫೆಸರ್ ವಿಲಿಯಂ ಜೇಮ್ಸ್ ಅವರ ಆ ಕ್ಲಾಸಿನಲ್ಲಿದ್ದ ಹುಡುಗರು ಕೆಲವೇ ವಾರಗಳಲ್ಲಿ ಬಿಟ್ಟು ಹೋದರು. ಉಳಿದವರು ಇವರೊಬ್ಬರೇ. ಲೈಬ್ರರಿಯಲ್ಲಿ ಚಳಿ ಕಾಯಿಸುವ ಬೆಂಕಿಯ ಆ ಕಡೆ ಗುರು, ಈ ಕಡೆ ಶಿಷ್ಯೆ. ಪಾಠ ಅನ್ನೋದು ಮಾತುಕತೆಯೇ ಆಗಿಹೋಯಿತು.

ವಾಪಸ್ ಬಂದು 1891ರಲ್ಲಿ ವೆಲ್ಸ್ಲಿಯಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ಶುರು ಮಾಡಿದರು. ಪುಸ್ತಕ ಓದಿ ಒಪ್ಪಿಸೋದರ ಜೊತೆಗೆ ವಿದ್ಯಾರ್ಥಿನಿಯರು ಕೈಯಾರೆ ಪ್ರಯೋಗ ಮಾಡಿ ಕಲಿಯುವ ವ್ಯವಸ್ಥೆ ಅದು. ತಮ್ಮನ್ನೂ ಅವರು ಬಿಡಲಿಲ್ಲ. ರಾತ್ರಿ ಅಲಾರಾಂ ಇಟ್ಟು ಎದ್ದು, ಆಗಷ್ಟೇ ಕಂಡ ಕನಸನ್ನು ಬರೆದಿಡುತ್ತಿದ್ದರು!

ನೆನಪಿನ ಬಗ್ಗೆ ಅವರು ಮಾಡಿದ ಪ್ರಯೋಗ ಇವತ್ತಿಗೂ ಪಠ್ಯದಲ್ಲಿದೆ. ಒಂದು ಬಣ್ಣ, ಅದರ ಜೊತೆಗೊಂದು ಅಂಕಿ ತೋರಿಸೋದು. ಆಮೇಲೆ ಬಣ್ಣ ಮಾತ್ರ ತೋರಿಸಿ ಅಂಕಿ ಯಾವುದು ಅಂತ ಕೇಳೋದು. ಎದ್ದು ಕಾಣುವಂತೆ ತೋರಿಸಿದ್ದಕ್ಕಿಂತ ಮತ್ತೆ ಮತ್ತೆ ತೋರಿಸಿದ ಜೋಡಿಯೇ ಹೆಚ್ಚು ನೆನಪಿನಲ್ಲಿ ಉಳಿಯುತ್ತಿತ್ತು. ಖಾಯಂ ಗಿರಾಕಿಯ ಮುಖ ಕಂಡ ಕೂಡಲೇ ಅಂಗಡಿಯವರಿಗೆ ಬಾಕಿ ಲೆಕ್ಕ ನೆನಪಾಗೋದೂ ಹೆಚ್ಚುಕಮ್ಮಿ ಹೀಗೇ.

1895ರಲ್ಲಿ ಹಾರ್ವರ್ಡ್‌ನ ಪ್ರೊಫೆಸರುಗಳು ಇವರನ್ನು ಡಾಕ್ಟರೇಟ್ ಮಟ್ಟದ ಮೌಖಿಕ ಪರೀಕ್ಷೆಗೆ ಕೂರಿಸಿದರು. ಎಲ್ಲರೂ ಮೆಚ್ಚಿ ಪಾಸ್ ಮಾಡಿದರು. ಆದರೂ ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ವಿಶ್ವವಿದ್ಯಾಲಯ ಡಿಗ್ರಿ ಕೊಡಲಿಲ್ಲ. 1902ರಲ್ಲಿ, ಹಾರ್ವರ್ಡ್ ಬದಲು ಅದರ ಜೊತೆಗಿದ್ದ ಮಹಿಳಾ ಕಾಲೇಜು ರಾಡ್‌ಕ್ಲಿಫ್‌ನ ಹೆಸರಿನಲ್ಲಿ ಡಾಕ್ಟರೇಟ್ ಕೊಡ್ತೀವಿ ಅಂದರು. ಓದಿದ್ದು ಅಲ್ಲಲ್ಲವಲ್ಲ, ಬೇಡ ಅಂದುಬಿಟ್ಟರು. ಸಿಕ್ಕಿದ್ದನ್ನು ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಳ್ಳಲಿಲ್ಲ.

1905ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. 1929ರವರೆಗೂ ವೆಲ್ಸ್ಲಿಯಲ್ಲೇ ಪಾಠ ಮಾಡಿ ನಿವೃತ್ತರಾದರು. ಮರುವರ್ಷವೇ ತೀರಿಕೊಂಡರು. ಹಾರ್ವರ್ಡ್ ಆ ಡಿಗ್ರಿಯನ್ನು ಕೊನೆಗೂ ಕೊಡಲಿಲ್ಲ.