ಪಾದ್ರಿ ಕಿಟ್ಟೆಲ್ ಅವರ ದಿನಚರಿ



ಬಸವ ಜಯಂತಿ, ಕನಕ ಜಯಂತಿ ಬಂದಾಗಲೆಲ್ಲ ಈ ಪುಟದಲ್ಲಿ ಬರೆಯುತ್ತೇವೆ. ನಮ್ಮ ಸಂಘದಲ್ಲಿ ಕ್ರೈಸ್ತ ಕುಟುಂಬಗಳೂ ಇವೆ, ಅವರ ಕಡೆಯವರೊಬ್ಬರ ಬಗ್ಗೆಯೂ ಬರೆಯಬೇಕೆಂಬ ಬೇಡಿಕೆ ಬಹಳ ದಿನದಿಂದ ಇತ್ತು. ಕೇಳಿದ್ದು ನ್ಯಾಯವೇ. ಡಿಸೆಂಬರ್ ತಿಂಗಳು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರು ತೀರಿಕೊಂಡ ತಿಂಗಳು, ಹಾಗಾಗಿ ಅವರನ್ನೇ ಆರಿಸಿಕೊಂಡಿದ್ದೇವೆ. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು. ಪಾದ್ರಿ ಕಿಟ್ಟೆಲ್ ಗೊತ್ತಿರುವವರು ಕಡಿಮೆ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಹದಿನೆಂಟನೇ ವಯಸ್ಸಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. 1815ರಲ್ಲಿ ಆರಂಭವಾದ ಈ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. ನಮ್ಮ ಹಿರಿಯರ ಮನೆಗಳ ಮೇಲೆ ಹೊದಿಸಿದ ಮಂಗಳೂರು ಹೆಂಚು ಇದೆಯಲ್ಲ, ಅದರ ಮೊದಲ ಕಾರ್ಖಾನೆಯನ್ನು 1865ರಲ್ಲಿ ಶುರುಮಾಡಿದ್ದೂ ಇದೇ ಮಿಷನ್ನಿನವರು.

ಆ ಜರ್ಮನ್ ಭಕ್ತಮಂಡಳಿಗಳ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಿಟ್ಟೆಲ್ ಅರ್ಥವಾಗುವುದಿಲ್ಲ. ಬಾಪ್ಟಿಸ್ಮ ಆಯಿತು, ಭಾನುವಾರ ಚರ್ಚಿಗೆ ಹೋದೆವು ಎಂದರೆ ಅವರಿಗೆ ಸಾಲದು. ಬೆಳಿಗ್ಗೆ ಮನೆಯವರೆಲ್ಲ ಕೂಡಿ ಪ್ರಾರ್ಥನೆ, ಬೈಬಲ್ ಓದು, ರಾತ್ರಿ ಮತ್ತೆ ಪ್ರಾರ್ಥನೆ. ದಿನಕ್ಕೊಂದು ಬೈಬಲ್ ವಾಕ್ಯದ ಚಿಕ್ಕ ಪುಸ್ತಕವೊಂದು 1731ರಿಂದ ವರ್ಷವರ್ಷವೂ ಅಲ್ಲಿ ಅಚ್ಚಾಗುತ್ತಿದೆ, ಇವತ್ತಿಗೂ ನಿಂತಿಲ್ಲ. ಮಿಷನ್ ಶಾಲೆಯಲ್ಲಿ ಪ್ರಾರ್ಥನೆಗೂ ಪಾಠಕ್ಕೂ ಕೈಕೆಲಸಕ್ಕೂ ಗಂಟೆ ನಿಗದಿ. ನಮ್ಮಲ್ಲಿ ನಿತ್ಯ ಸಂಧ್ಯಾವಂದನೆ, ಇಷ್ಟಲಿಂಗ ಪೂಜೆ, ಐದು ಹೊತ್ತಿನ ನಮಾಜು ಬಿಡದವರನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ.

1853ರಲ್ಲಿ ಕಿಟ್ಟೆಲ್ ಭಾರತಕ್ಕೆ ಬಂದರು. ಧಾರವಾಡದ ಕಡೆ ಕೆಲಸ. ಇಪ್ಪತ್ತೊಂದರ ಹುಡುಗ, ಮನಸ್ಸಿನಲ್ಲಿ ಒಂದು ಹಟ. ಯಾರಿಗೆ ಸುವಾರ್ತೆ ಹೇಳಬೇಕೋ ಅವರಂತೆಯೇ ಆಗಬೇಕು ಎಂದು ಸಂತ ಪೌಲ ಹೇಳಿದ್ದನ್ನು ಅವರು ಅಕ್ಷರಶಃ ತೆಗೆದುಕೊಂಡರು. ದೊರೆಗಳಂತೆ ಕುದುರೆ ಏರಿ ಹೋಗುವ ಬದಲು ನಡೆದು ಹೋಗುವುದು, ಜನರ ನಡುವೆ ಸರಳವಾಗಿ ಇರುವುದು. ಜೊತೆಯ ಮಿಷನರಿಗಳಿಗೆ ಇದು ಹಿಡಿಸಲಿಲ್ಲ. ಮೇಲಿನವರಿಂದ ಆಕ್ಷೇಪಣೆ ಬಂತು. ಇನ್ನೊಂದು ಕಡೆ ಅವರ ಪ್ರಚಾರವೂ ಫಲ ಕೊಡಲಿಲ್ಲ. ಮಿಷನ್ನಿನ ಲೆಕ್ಕದಲ್ಲಿ ಕಿಟ್ಟೆಲ್ ಗೆದ್ದ ಪ್ರಚಾರಕರಲ್ಲ.

ನಾವು ವರ್ಷಗಟ್ಟಲೆ ಕಚೇರಿಯಲ್ಲಿ ಕಡತ ನೋಡಿದವರು. ಮೇಲಿನವರು ಕೇಳುವ ಅಂಕಿಅಂಶದ ತಖ್ತೆಯಲ್ಲಿ ತುಂಬಲು ಏನೂ ಇಲ್ಲದವನ ಪಾಡು ನಮಗೆ ಗೊತ್ತು. ಸಾವಿರಾರು ಮೈಲಿ ದಾಟಿ ಬಂದದ್ದು ಒಂದು ಕೆಲಸಕ್ಕೆ, ಆ ಕೆಲಸವೇ ಕೈಹಿಡಿಯಲಿಲ್ಲ. ಇಂಥ ಹೊತ್ತಿನಲ್ಲಿ ನಂಬಿಕೆ ಉಳಿಯುವುದು ಸುಲಭವಲ್ಲ. ಮನೆಯಲ್ಲೂ ಪೆಟ್ಟು ಬಿತ್ತು. 1860ರಲ್ಲಿ ಪೌಲಿನಾ ಎಂಬುವರನ್ನು ಮದುವೆಯಾಗಿದ್ದರು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. ಮುಂದೆ ಆಕೆಯ ತಂಗಿ ಯೂಲಿಯಾ ಅವರೊಂದಿಗೆ ಎರಡನೇ ಮದುವೆಯಾಯಿತು.

ಕಿಟ್ಟೆಲ್ ಊರಿಗೆ ಹೊರಟುಹೋಗಲಿಲ್ಲ. ಅವರಿಗೆ ಉಳಿದಿದ್ದ ದಾರಿ ಭಾಷೆ. 1862ರಲ್ಲೇ ಕ್ರಿಸ್ತನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದಿದ್ದರು. ಪದ್ಯ ಬರೆಯಲು ಹಳಗನ್ನಡ ಬೇಕು, ಹಳಗನ್ನಡಕ್ಕೆ ವ್ಯಾಕರಣ ಬೇಕು. ಹೀಗೆ ತಾಳೆಗರಿಗಳ ಕಡೆಗೆ ಹೋದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದನೆಯಲ್ಲಿ ಅಚ್ಚಾದವು. ಒಂದು ಮಾತು ಮುಚ್ಚಿಡುವುದು ಸರಿಯಲ್ಲ. ನಮ್ಮ ಯಜ್ಞಯಾಗಾದಿಗಳ ಬಗ್ಗೆ, ಲಿಂಗಪೂಜೆಯ ಮೂಲದ ಬಗ್ಗೆ ಬರೆದಾಗ ಅವರು ಕ್ರೈಸ್ತ ಪಾದ್ರಿಯಾಗಿಯೇ ಬರೆದರು. ಒಪ್ಪಬೇಕಾದ್ದಿಲ್ಲ. ತನ್ನ ನಂಬಿಕೆಯನ್ನು ಬಿಟ್ಟುಕೊಡದವರು, ಆದರೂ ಜೈನರ, ವೀರಶೈವರ, ಬ್ರಾಹ್ಮಣರ ಕಾವ್ಯಗಳನ್ನು ಒಂದೊಂದು ಅಕ್ಷರವಾಗಿ ಓದಿದವರು.

ನಿಘಂಟಿನ ಕೆಲಸ ಗಟ್ಟಿಯಾಗಿ ಹಿಡಿದದ್ದು 1870ರ ದಶಕದಲ್ಲಿ. ಬಳ್ಳಾರಿಯ ರೀವ್ ಅವರ ನಿಘಂಟು 1832ರಲ್ಲೇ ಬಂದಿತ್ತು, ಅದು ಸಾಲದಾಗಿತ್ತು. ಕಿಟ್ಟೆಲ್ ಹಳೆಯ ಕಾವ್ಯಗಳಿಂದಲೂ ಹೆಕ್ಕಿದರು, ಜನರ ಬಾಯಿಂದ ಗಾದೆಗಳನ್ನೂ ಸಂಗ್ರಹಿಸಿದರು. ನಡುವೆ ಕೆಲವು ವರ್ಷ ಜರ್ಮನಿಗೆ ಹೋದರೂ ಕೆಲಸ ಬಿಡಲಿಲ್ಲ. 1883ರಲ್ಲಿ ಮತ್ತೆ ಬಂದರು, 1892ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಕೊನೆಯದಾಗಿ ಹಿಂದಿರುಗಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ನಿಘಂಟು ಹೊರಬಂತು. 1,752 ಪುಟ, ಸುಮಾರು 70,000 ಪದ.

ಗುಮಾಸ್ತರ ಚಾಳಿ, ಲೆಕ್ಕ ಹಾಕಿಯೇ ನೋಡಿದೆವು. ಇಪ್ಪತ್ತು ವರ್ಷವೆಂದು ಹಿಡಿದರೆ ವರ್ಷಕ್ಕೆ 3,500 ಪದ. ಭಾನುವಾರ ರಜೆ ಬಿಟ್ಟರೆ ದಿನಕ್ಕೆ ಹನ್ನೊಂದು. ಹನ್ನೊಂದು ಪದ ದೊಡ್ಡದಲ್ಲ ಎನಿಸಬಹುದು. ಆದರೆ ಪ್ರತಿಯೊಂದಕ್ಕೂ ಅರ್ಥ ಹುಡುಕಬೇಕು, ಪ್ರಯೋಗ ಕೊಡಬೇಕು, ಸಂಸ್ಕೃತದ್ದೋ ನಮ್ಮದೋ ತೀರ್ಮಾನಿಸಬೇಕು. ಜ್ವರ ಬಂದ ದಿನ, ಮಳೆಗಾಲದ ದಿನ, ಸಾವಿನ ದಿನ ಎಲ್ಲ ಸೇರಿಸಿ ಈ ಸರಾಸರಿ. ಬೆಳಗಿನ ಪ್ರಾರ್ಥನೆಯನ್ನು ಒಂದು ದಿನವೂ ತಪ್ಪಿಸಬಾರದೆಂದು ಚಿಕ್ಕಂದಿನಿಂದ ಕಲಿತ ಮನಸ್ಸಿಗೆ ಮಾತ್ರ ಇದು ಸಾಧ್ಯವಾಯಿತೆಂದು ನಮ್ಮ ಅಭಿಪ್ರಾಯ.

ಗಡಿಯಲ್ಲಿರುವ ನಮಗೆ ಈ ನಿಘಂಟಿನಲ್ಲಿ ಇನ್ನೊಂದು ಲಾಭವಿದೆ. ದೇಸಿ ಪದ ಬಂದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ಅಣ್ಣತಮ್ಮಂದಿರನ್ನೂ ಪಕ್ಕದಲ್ಲೇ ಕೊಟ್ಟಿದ್ದಾರೆ. ನಮ್ಮ ಹಾಲು ತಮಿಳಿನಲ್ಲಿ ಪಾಲು, ನಮ್ಮ ಹಳ್ಳಿ ಪಳ್ಳಿ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ ಸಂತೆಗಳಲ್ಲಿ ಮೂರು ಭಾಷೆ ಒಂದೇ ಉಸಿರಿನಲ್ಲಿ ಕೇಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಥದೇ ಕೆಲಸ ನೆರೆಯ ಭಾಷೆಗಳಲ್ಲೂ ನಡೆದಿತ್ತು: ತೆಲುಗಿಗೆ ಬ್ರೌನ್, ತಮಿಳಿಗೆ ವಿನ್ಸ್ಲೋ, ಮಲಯಾಳಕ್ಕೆ ಇದೇ ಬಾಸೆಲ್ ಮಿಷನ್ನಿನ ಗುಂಡರ್ಟ್. ಬ್ರೌನ್ ಸರ್ಕಾರಿ ಅಧಿಕಾರಿ, ಉಳಿದಿಬ್ಬರೂ ಪಾದ್ರಿಗಳು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಷ್ಟಕ್ಕೆ ಕೈಕಟ್ಟಿ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ ಬರೆದರು, ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಎಪ್ಪತ್ತೊಂದನೇ ವಯಸ್ಸಿನಲ್ಲಿ, ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ, ಹೋದಾಗ ಬಸ್ಸಿನಿಂದಲಾದರೂ ನೋಡಿರಿ.

ಈ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದರು. ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ನಮ್ಮ ರಾಜ್ಯದ ಮದರಾಸು ವಿಶ್ವವಿದ್ಯಾಲಯ. ಈ ತಿಂಗಳ ಸಭೆಗೆ ಸದಸ್ಯರು ತಮ್ಮ ಮನೆಯಲ್ಲಿ, ಹೊಲದಲ್ಲಿ ಆಡುವ ಹಳೆಯ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ತರಬೇಕೆಂದು ಕೋರುತ್ತೇವೆ. ಅವು ಕಿಟ್ಟೆಲ್‌ನಲ್ಲಿ ಇವೆಯೋ ಇಲ್ಲವೋ ಕೂಡಿ ನೋಡೋಣ. ಮಕ್ಕಳನ್ನೂ ಕರೆತನ್ನಿ.