ಯಂತ್ರಕ್ಕೆ ತಪ್ಪು ತಿದ್ದಿಕೊಳ್ಳಲು ಕಲಿಸಿದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್

ಒಂದೆಡೆಯಿಂದ ಮತ್ತೊಂದೆಡೆಗೆ ಕಳುಹಿಸಿದ ಸುದ್ದಿಯು ಹಾದಿಯಲ್ಲಿ ಕೆಡುವುದು ಮಾನವನ ಹಳೆಯ ಅನುಭವವಾಗಿದೆ. ತಂತಿ ಸಮಾಚಾರದಲ್ಲಿ ಒಂದು ಅಕ್ಷರ ಪಲ್ಲಟವಾದರೆ ಓದುವವನು ವಾಕ್ಯದ ಅರ್ಥವನ್ನು ಹಿಡಿದು ತಿದ್ದಿಕೊಳ್ಳಬಲ್ಲನು. ಆದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳನ್ನು ಬಲ್ಲ ಯಂತ್ರಕ್ಕೆ ಅರ್ಥವೆಂಬುದಿಲ್ಲ. ಸೊನ್ನೆಯ ಸ್ಥಾನದಲ್ಲಿ ಒಂದು ಬಂದರೆ ಅದನ್ನೇ ಸತ್ಯವೆಂದು ನಂಬಿ ಮುಂದುವರಿಯುತ್ತದೆ. ಅಂತಹ ಯಂತ್ರಕ್ಕೆ, ತಪ್ಪು ಸಂಭವಿಸಿದೆ ಎಂಬುದನ್ನಷ್ಟೇ ಅಲ್ಲದೆ ಅದು ಯಾವ ಸ್ಥಾನದಲ್ಲಿ ಸಂಭವಿಸಿದೆ ಎಂಬುದನ್ನೂ ಅರಿಯುವ ಶಕ್ತಿಯನ್ನು ಗಣಿತದ ಬಲದಿಂದ ತಂದುಕೊಟ್ಟವರು ಅಮೆರಿಕದ ರಿಚರ್ಡ್ ವೆಸ್ಲಿ ಹ್ಯಾಮಿಂಗ್ ಅವರು.

ಹ್ಯಾಮಿಂಗರು 1915ರ ಫೆಬ್ರವರಿ 11ರಂದು ಶಿಕಾಗೋ ನಗರದಲ್ಲಿ ಜನಿಸಿದರು. ಎಂಜಿನಿಯರ್ ಆಗಬೇಕೆಂಬುದು ಅವರ ಬಯಕೆಯಾಗಿತ್ತು. ಆದರೆ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ವಿದ್ಯಾರ್ಥಿವೇತನ ದೊರೆತದ್ದು ಶಿಕಾಗೋ ವಿಶ್ವವಿದ್ಯಾನಿಲಯದಿಂದ, ಅಲ್ಲಿಯೋ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಹೀಗೆ ಹಣದ ಅಭಾವವು ಅವರನ್ನು ಗಣಿತದ ಕಡೆಗೆ ತಿರುಗಿಸಿತು. 1937ರಲ್ಲಿ ಪದವಿಯನ್ನೂ, 1939ರಲ್ಲಿ ನೆಬ್ರಾಸ್ಕಾದಿಂದ ಸ್ನಾತಕೋತ್ತರ ಪದವಿಯನ್ನೂ, 1942ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದರು. ಅದೇ ವರ್ಷ ವಾಂಡಾ ಲಿಟ್ಲ್ ಅವರೊಡನೆ ವಿವಾಹವಾಯಿತು.

1945ರಲ್ಲಿ ದಂಪತಿಗಳಿಬ್ಬರೂ ಲಾಸ್ ಅಲಮೋಸಿನಲ್ಲಿದ್ದರು. ಪರಮಾಣು ಬಾಂಬಿನ ನಿರ್ಮಾಣಕ್ಕೆ ಬೇಕಾದ ಲೆಕ್ಕಗಳನ್ನು ಐಬಿಎಂ ಯಂತ್ರಗಳ ಮೇಲೆ ನಡೆಸುವುದು ಹ್ಯಾಮಿಂಗರ ಕೆಲಸವಾಗಿತ್ತು. ಜುಲೈ 16ರ ಪ್ರಥಮ ಸ್ಫೋಟಕ್ಕೆ ಮುನ್ನ, ಅದರ ಕಾವಿನಿಂದ ಭೂಮಿಯ ವಾಯುಮಂಡಲವೇ ಹೊತ್ತಿಕೊಳ್ಳಬಹುದೇ ಎಂಬ ಲೆಕ್ಕವನ್ನು ತಾಳೆ ನೋಡುವ ಹೊಣೆಯು ತಮ್ಮ ಮೇಲೆ ಬಿದ್ದಿತೆಂದು ಅವರು ಮುಪ್ಪಿನಲ್ಲಿ ಬರೆದಿದ್ದಾರೆ. ಕೂಡಿಸಿದ್ದು ಗುಣಿಸಿದ್ದು ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕವು ಆಧರಿಸಿದ್ದ ಸೂತ್ರಗಳ ಬಗೆಗೆ ಅವರಿಗೆ ಅಷ್ಟು ಭರವಸೆಯಿರಲಿಲ್ಲ. ಲೆಕ್ಕದ ಒಂದು ದೋಷಕ್ಕೆ ಎಷ್ಟು ಬೆಲೆ ತೆರಬೇಕಾದೀತೆಂಬುದನ್ನು ಇದಕ್ಕಿಂತ ಕಠೋರವಾಗಿ ಕಲಿಸುವ ಪಾಠಶಾಲೆ ಬೇರೊಂದಿರಲಾರದು.

ಯುದ್ಧಾನಂತರ, 1946ರಲ್ಲಿ, ಅವರು ಬೆಲ್ ಟೆಲಿಫೋನ್ ಪ್ರಯೋಗಾಲಯವನ್ನು ಸೇರಿದರು. ಮಾಹಿತಿ ಸಿದ್ಧಾಂತದ ಜನಕರಾದ ಕ್ಲಾಡ್ ಶ್ಯಾನನ್ನರು ಕೆಲಕಾಲ ಅವರೊಡನೆ ಒಂದೇ ಕೊಠಡಿಯಲ್ಲಿ ಕುಳಿತು ಕೆಲಸಮಾಡುತ್ತಿದ್ದರು. ಅಲ್ಲಿನ ಮಾಡೆಲ್ 5 ಎಂಬ ಗಣಕಯಂತ್ರದಲ್ಲಿ ಸುಮಾರು 9000 ರಿಲೇಗಳಿದ್ದವು. ಯಾವುದಾದರೊಂದು ರಿಲೇ ಕೈಕೊಟ್ಟರೆ ಯಂತ್ರವು ಅದನ್ನು ಗ್ರಹಿಸಿ ನಿಲ್ಲುತ್ತಿತ್ತು. ಕೆಲಸದ ದಿನಗಳಲ್ಲಿ ಸಿಬ್ಬಂದಿಯವರು ಬಂದು ಸರಿಪಡಿಸುತ್ತಿದ್ದರು. ವಾರಾಂತ್ಯದಲ್ಲಿ ನೋಡುವವರಿಲ್ಲದ ಕಾರಣ, ದೋಷ ಕಂಡೊಡನೆ ಆ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಹ್ಯಾಮಿಂಗರಿಗೆ ಯಂತ್ರ ದೊರೆಯುತ್ತಿದ್ದುದು ಆ ವಾರಾಂತ್ಯಗಳಲ್ಲಿಯೇ. ಸತತ ಎರಡು ವಾರ ಅವರು ಸೋಮವಾರ ಬಂದು ನೋಡಿದಾಗ ಲೆಕ್ಕವು ಅರ್ಧಕ್ಕೇ ನಿಂತಿತ್ತು. ತಪ್ಪಾಗಿದೆಯೆಂದು ಅರಿಯಬಲ್ಲ ಯಂತ್ರವು ತಪ್ಪಿನ ಸ್ಥಾನವನ್ನು ಏಕೆ ಅರಿಯಬಾರದು ಎಂಬ ಪ್ರಶ್ನೆಯು ಈ ಬೇಸರದಿಂದ ಹುಟ್ಟಿತು.

ಅದಕ್ಕೆ ಅವರು ಕಂಡುಕೊಂಡ ಉತ್ತರವು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿಯುವಷ್ಟು ಸರಳವಾಗಿದೆ. ಏಳು ಸ್ಥಾನಗಳ ಒಂದು ಸಾಲಿನಲ್ಲಿ 3, 5, 6, 7ನೆಯ ಸ್ಥಾನಗಳಲ್ಲಿ ಸಂದೇಶದ ಅಂಕಿಗಳಿರುತ್ತವೆ. 1, 2, 4ನೆಯ ಸ್ಥಾನಗಳು ತಾಳೆ ಅಂಕಿಗಳಿಗೆ ಮೀಸಲು. ಮೊದಲನೆಯ ತಾಳೆಯು 1, 3, 5, 7ನೆಯ ಸ್ಥಾನಗಳನ್ನೂ, ಎರಡನೆಯದು 2, 3, 6, 7ನ್ನೂ, ಮೂರನೆಯದು 4, 5, 6, 7ನ್ನೂ ನೋಡುತ್ತದೆ. ಪ್ರತಿ ಗುಂಪಿನಲ್ಲಿಯೂ ಒಂದು ಎಂಬ ಅಂಕಿಗಳ ಸಂಖ್ಯೆಯು ಸಮವಾಗಿರಬೇಕೆಂಬುದೇ ನಿಯಮ. ಐದನೆಯ ಸ್ಥಾನ ಕೆಟ್ಟಿತೆನ್ನೋಣ. ಆಗ ಮೊದಲನೆಯ ಮತ್ತು ಮೂರನೆಯ ತಾಳೆಗಳು ತಪ್ಪುತ್ತವೆ, ಎರಡನೆಯದು ಸರಿಯಿರುತ್ತದೆ. ತಪ್ಪಿದ ತಾಳೆಗಳ ತಾಳೆ ಅಂಕಿಗಳು ನಿಂತ ಸ್ಥಾನಗಳಾದ 1 ಮತ್ತು 4ನ್ನು ಕೂಡಿಸಿದರೆ 5! ದೋಷವು ತನ್ನ ವಿಳಾಸವನ್ನು ತಾನೇ ಹೇಳಿಕೊಳ್ಳುತ್ತದೆ. ಅದಕ್ಕೆ ಸಿಕ್ಕ ಅಂಕಿಯನ್ನು ಅದಲುಬದಲು ಮಾಡಿದರೆ ಸಾಕು.

ಇದರ ಹಿಂದಿನ ತತ್ತ್ವವನ್ನು ಹ್ಯಾಮಿಂಗರು ಬಿಂದು ರೇಖೆಗಳ ಮೂಲಕ ಕಂಡರು. ಘನಾಕೃತಿಯೊಂದರ ಎಂಟು ಮೂಲೆಗಳಿಗೆ 000ದಿಂದ 111ರವರೆಗೆ ಹೆಸರಿಟ್ಟರೆ, ಒಂದು ಅಂಕಿ ಕೆಡುವುದೆಂದರೆ ಒಂದು ಅಂಚಿನಗುಂಟ ಪಕ್ಕದ ಮೂಲೆಗೆ ಜರುಗುವುದು. 000 ಮತ್ತು 111 ಇವೆರಡನ್ನೇ ಸಂದೇಶಗಳೆಂದು ಬಳಸಿದರೆ ಅವುಗಳ ನಡುವೆ ಮೂರು ಹೆಜ್ಜೆಗಳ ಅಂತರವಿರುತ್ತದೆ; ಒಂದು ಹೆಜ್ಜೆ ತಪ್ಪಿದವನು ಹತ್ತಿರದ ಮನೆಗೆ ಹಿಂದಿರುಗಬಹುದು. ಏಳು ಅಂಕಿಗಳ ಸಾಲಿಗೆ ಇಂತಹ 128 ಬಿಂದುಗಳು. ಅವುಗಳಲ್ಲಿ 16 ಮಾತ್ರ ಸಂದೇಶಗಳು. ಪ್ರತಿಯೊಂದು ಸಂದೇಶವೂ ತನ್ನ ಏಳು ನೆರೆಬಿಂದುಗಳೊಡನೆ ಎಂಟರ ಕುಟುಂಬವಾಗುತ್ತದೆ. ಹದಿನಾರೆಂಟಲೆ 128, ಒಂದು ಬಿಂದುವೂ ಅನಾಥವಲ್ಲ, ಒಂದಕ್ಕೂ ಇಬ್ಬರು ಒಡೆಯರಿಲ್ಲ. ಈ ಅಂತರಕ್ಕೆ ಇಂದಿಗೂ ಹ್ಯಾಮಿಂಗ್ ಅಂತರವೆಂದೇ ಹೆಸರು.

ಆದರೆ ಫಲವು ಪ್ರಕಟಣೆಗೆ ಬರುವುದು ತಡವಾಯಿತು. ಪೇಟೆಂಟಿನ ವ್ಯವಸ್ಥೆ ಮುಗಿಯುವವರೆಗೆ ಸಂಸ್ಥೆಯು ಲೇಖನವನ್ನು ತಡೆಹಿಡಿದಿತ್ತು. ಈ ನಡುವೆ ಶ್ಯಾನನ್ನರು 1948ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಏಳು ಅಂಕಿಗಳ ಈ ಸಂಕೇತವನ್ನು ಹ್ಯಾಮಿಂಗರ ಹೆಸರಿನೊಡನೆ ಉದಾಹರಿಸಿದರು. ಅದನ್ನು ಕಂಡ ಮಾರ್ಸೆಲ್ ಗೋಲೆಯವರು 1949ರಲ್ಲಿ ಒಂದೇ ಪುಟದ ಬರಹದಲ್ಲಿ ವಿಚಾರವನ್ನು ವಿಸ್ತರಿಸಿ ಮುದ್ರಿಸಿಬಿಟ್ಟರು. ಹ್ಯಾಮಿಂಗರ ಲೇಖನ ಬೆಳಕು ಕಂಡದ್ದು 1950ರ ಏಪ್ರಿಲ್‌ನಲ್ಲಿ. ಮೊದಲಿಗರು ಯಾರೆಂಬ ಚರ್ಚೆಗೆ ಇದರಿಂದ ಎಡೆಯಾಯಿತು. ಶ್ಯಾನನ್ನರು ಹೆಸರು ಹೇಳದೆ ಹೋಗಿದ್ದರೆ ತೀರ್ಪು ಹೇಗಾಗುತ್ತಿತ್ತೋ ಊಹಿಸುವುದು ಕಷ್ಟ.

ಈ ಬೀಜವು ಬೇರೊಂದು ರೀತಿಯ ಚಿತ್ರವಾಗಿ ಬೆಳೆದ ಕಥೆಯೂ ಕುತೂಹಲಕರವಾದುದು. ರಂಗೋಲಿಯಂತೆ ಮೇಲೆ ಏಳು ಚುಕ್ಕೆಗಳನ್ನು ಸ್ಥಾನಗಳೆಂದೂ, ಕೆಳಗೆ ಮೂರು ಚೌಕಗಳನ್ನು ತಾಳೆಗಳೆಂದೂ ಇರಿಸಿ, ಯಾವ ತಾಳೆಯು ಯಾವ ಸ್ಥಾನವನ್ನು ನೋಡುವುದೋ ಅವೆರಡಕ್ಕೂ ಗೆರೆ ಎಳೆದರೆ ಹ್ಯಾಮಿಂಗ್ ಸಂಕೇತವು 12 ಗೆರೆಗಳ ಒಂದು ಗ್ರಾಫ್ ಆಗುತ್ತದೆ. ಈ ಬಗೆಯ ಚಿತ್ರವನ್ನು ಕ್ರಮಬದ್ಧವಾಗಿ ಸ್ಥಾಪಿಸಿದವರು ಮೈಕೆಲ್ ಟ್ಯಾನರ್, 1981ರಲ್ಲಿ. ಅದಕ್ಕೂ ಮೊದಲೇ, 1960ರ ತಮ್ಮ ಪ್ರೌಢಪ್ರಬಂಧದಲ್ಲಿ, ರಾಬರ್ಟ್ ಗ್ಯಾಲಗರ್ ಅವರು ಸಾವಿರಾರು ಸ್ಥಾನಗಳಿದ್ದರೂ ಪ್ರತಿಯೊಂದು ತಾಳೆಯು ಕೆಲವೇ ಸ್ಥಾನಗಳನ್ನು ನೋಡುವಂತಹ ವಿರಳ ಸಂಕೇತಗಳನ್ನು ರೂಪಿಸಿದ್ದರು. ಅಲ್ಲಿ ಚುಕ್ಕೆಗಳೂ ಚೌಕಗಳೂ ಗೆರೆಗಳ ಮೂಲಕ ತಮ್ಮ ತಮ್ಮ ಅನುಮಾನಗಳನ್ನು ಪರಸ್ಪರ ತಿಳಿಸಿಕೊಳ್ಳುತ್ತ, ಸುತ್ತು ಸುತ್ತಾಗಿ ನಿರ್ಣಯಕ್ಕೆ ಬರುತ್ತವೆ. ಹ್ಯಾಮಿಂಗರ ಚಿಕ್ಕ ಚಿತ್ರದಲ್ಲಿ ಈ ಉಪಾಯ ಚೆನ್ನಾಗಿ ನಡೆಯದು. 3 ಮತ್ತು 7ನೆಯ ಸ್ಥಾನಗಳನ್ನು ಎರಡು ತಾಳೆಗಳು ಒಟ್ಟಿಗೇ ನೋಡುವುದರಿಂದ ಗೆರೆಗಳು ನಾಲ್ಕೇ ಹೆಜ್ಜೆಗಳಲ್ಲಿ ಸುತ್ತು ಹಾಕುತ್ತವೆ. ತಾನೇ ಹೇಳಿದ ಗಾಳಿಸುದ್ದಿಯು ಊರು ಸುತ್ತಿ ಬಂದಾಗ ಅದನ್ನು ಇತರರ ಸಾಕ್ಷ್ಯವೆಂದು ನಂಬಿದವನ ಪಾಡು ಆ ಚುಕ್ಕೆಗೆ ಒದಗುತ್ತದೆ. ಅಂತಹ ಸಣ್ಣ ಸುತ್ತುಗಳನ್ನು ದೂರವಿಡುವುದೇ ವಿರಳ ಸಂಕೇತಗಳ ಜಾಣ್ಮೆ. ಅಂದಿನ ಗಣಕಗಳಿಗೆ ಅದು ಭಾರವೆನಿಸಿ ಮೂರು ದಶಕಗಳಷ್ಟು ಕಾಲ ಮರೆಯಾಗಿತ್ತು. 1990ರ ದಶಕದ ಮಧ್ಯದಲ್ಲಿ ಡೇವಿಡ್ ಮೆಕೇ, ರಾಡ್‌ಫರ್ಡ್ ನೀಲ್ ಮೊದಲಾದವರು ಅದನ್ನು ಮರಳಿ ಬೆಳಕಿಗೆ ತಂದರು. ಇಂದು ಉಪಗ್ರಹ ದೂರದರ್ಶನದಲ್ಲಿಯೂ 5ಜಿ ದೂರವಾಣಿಯಲ್ಲಿಯೂ ಅದೇ ಕುಲದ ಸಂಕೇತಗಳಿವೆ. ಹ್ಯಾಮಿಂಗರ ಮೂಲ ಪದ್ಧತಿಯ ವಿಸ್ತೃತ ರೂಪವು ಗಣಕಗಳ ಸ್ಮೃತಿಕೋಶಗಳನ್ನು ಕಾಯುತ್ತಿದೆ.

ಹ್ಯಾಮಿಂಗರು ನೇರ ನುಡಿಯವರು. ಪ್ರಯೋಗಾಲಯದ ಊಟದ ಮೇಜಿನಲ್ಲಿ ಸಹೋದ್ಯೋಗಿಗಳನ್ನು, ನಿಮ್ಮ ಕ್ಷೇತ್ರದ ಮಹತ್ವದ ಸಮಸ್ಯೆಗಳಾವುವು, ನೀವು ಅವುಗಳನ್ನು ಬಿಟ್ಟು ಬೇರೇನನ್ನೋ ಮಾಡುತ್ತಿರುವಿರೇಕೆ ಎಂಬ ಅರ್ಥದಲ್ಲಿ ಕೆಣಕಿ, ಆ ಮೇಜಿಗೆ ಬೇಡವಾದದ್ದೂ ಉಂಟು. 1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದಿತು. 1976ರಲ್ಲಿ ಬೆಲ್ ಸಂಸ್ಥೆಯಿಂದ ನಿವೃತ್ತರಾದ ಮೇಲೆ ವಿಶ್ರಾಂತಿಗೆ ಮನಸ್ಸು ಮಾಡದೆ ಕ್ಯಾಲಿಫೋರ್ನಿಯದ ಮಾಂಟೆರೇಯಲ್ಲಿ ನೌಕಾದಳದ ಸ್ನಾತಕೋತ್ತರ ವಿದ್ಯಾಲಯವನ್ನು ಸೇರಿ, ಅಧ್ಯಾಪನವನ್ನೇ ಕಾಯಕವಾಗಿಸಿಕೊಂಡು ಎರಡು ದಶಕಗಳ ಕಾಲ ಬೋಧಿಸಿದರು. ತಮ್ಮದೇ ಹೆಸರಿನಲ್ಲಿ ಸ್ಥಾಪಿತವಾದ ಪದಕವನ್ನು 1988ರಲ್ಲಿ ಮೊದಲಿಗರಾಗಿ ಅವರೇ ಸ್ವೀಕರಿಸಿದರು. 1997ರಲ್ಲಿ ತರಗತಿಯಿಂದ ಬಿಡುವು ಪಡೆದ ಅವರು, 1998ರ ಜನವರಿ 7ರಂದು, 82ನೆಯ ವಯಸ್ಸಿನಲ್ಲಿ, ಮಾಂಟೆರೇಯಲ್ಲಿಯೇ ನಿಧನರಾದರು.